ಹತ್ತು ಸಾವಿರ ಹೆಸರುಗಳ ಜಾಹೀರಾತು

2004ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪುಟಗಳ ಜಾಹೀರಾತೊಂದು ಬಂತು. ಅದರ ತುಂಬ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಲ್ಲಿ ಸಾವಿರಾರು ಹೆಸರುಗಳು; ಜೊತೆಗೆ ಭೂಗೋಳವನ್ನು ಬಾಲದಿಂದ ಸುತ್ತುವರಿದ ಬೆಂಕಿಬಣ್ಣದ ನರಿಯ ಲಾಂಛನ. ಹೆಸರುಗಳೆಲ್ಲ ಜಾಹೀರಾತಿಗೆ ದುಡ್ಡು ಕೊಟ್ಟವರವು. ಜಾಹೀರಾತು ಹೇಳುತ್ತಿದ್ದ ವಸ್ತುವಿಗೆ ಮಾತ್ರ ಬೆಲೆಯೇ ಇರಲಿಲ್ಲ. ಫೈರ್‌ಫಾಕ್ಸ್ 1.0 ಎಂಬ ಬ್ರೌಸರನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು, ಅದರ ಮೂಲ ಸಂಕೇತವನ್ನು ಓದಿ ತಿದ್ದಲೂಬಹುದಿತ್ತು.

ಮುಕ್ತ ತಂತ್ರಾಂಶದ ಲೋಕದಲ್ಲಿ ಅಲ್ಲಿಯವರೆಗೆ ಪ್ರಚಾರವೆಂದರೆ ತುಸು ಮುಜುಗರದ ಸಂಗತಿ. ಕೆಲಸ ಚೆನ್ನಾಗಿದ್ದರೆ ಜನ ತಾವಾಗಿಯೇ ಹುಡುಕಿಕೊಂಡು ಬರುತ್ತಾರೆಂದು ಹಲವರು ನಂಬಿದ್ದರು. ಆ ನಂಬಿಕೆಗೆ ಪೆಟ್ಟು ಕೊಟ್ಟಿದ್ದು ನೆಟ್‌ಸ್ಕೇಪ್‌ನ ಕಥೆ. ತೊಂಬತ್ತರ ದಶಕದ ನಡುವಿನಲ್ಲಿ ಬ್ರೌಸರ್ ಎಂದರೆ ನೆಟ್‌ಸ್ಕೇಪ್ ಎಂಬಂತಿತ್ತು. ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ವಿಂಡೋಸ್ ಜೊತೆಗೇ ಕೊಡತೊಡಗಿದ ಮೇಲೆ ಅದರ ನೆಲ ಕುಸಿಯಿತು. 1998ರ ಮಾರ್ಚ್ 31ರಂದು ನೆಟ್‌ಸ್ಕೇಪ್ ತನ್ನ ಮೂಲ ಸಂಕೇತವನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಮೊಜಿಲ್ಲಾ ಯೋಜನೆ ಶುರುವಾದದ್ದು ಹಾಗೆ. 2003ರ ಜುಲೈನಲ್ಲಿ ಅದು ನೆಟ್‌ಸ್ಕೇಪನ್ನು ಕೊಂಡಿದ್ದ ಎಒಎಲ್ ಕಂಪನಿಯ ಆಸರೆಯಿಂದ ಹೊರಬಂದು, 20 ಲಕ್ಷ ಡಾಲರ್ ನೆರವಿನೊಂದಿಗೆ ಪ್ರತ್ಯೇಕ ಪ್ರತಿಷ್ಠಾನವಾಯಿತು. ಆ ಹೊತ್ತಿಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಎಕ್ಸ್‌ಪ್ಲೋರರನ್ನೇ ಬಳಸುತ್ತಿದ್ದರು.

ಅದರ ಆರನೆಯ ಆವೃತ್ತಿ 2001ರಲ್ಲಿ ಬಂದಿದ್ದೇ ಕೊನೆ, ಮೈಕ್ರೋಸಾಫ್ಟ್ ಕೈಕಟ್ಟಿ ಕುಳಿತಿತ್ತು. ತೆರೆದಲ್ಲೆಲ್ಲ ಪುಟಿಯುವ ಜಾಹೀರಾತು ಕಿಟಕಿಗಳು, ನುಸುಳುವ ವೈರಸ್‌ಗಳು. 2004ರ ಜೂನ್‌ನಲ್ಲಿ ಅಮೆರಿಕದ ಸರ್ಕಾರಿ ಸೈಬರ್ ಸುರಕ್ಷಾ ತಂಡವೇ, ಬೇರೆ ಬ್ರೌಸರ್ ಬಳಸುವುದೂ ಒಂದು ದಾರಿ ಎಂದು ಸೂಚಿಸಿತು. ಪ್ರಚಾರಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇರಲಿಲ್ಲ.

ಮೊಜಿಲ್ಲಾದ ಹೊಸ ಬ್ರೌಸರಿಗೆ ಆ ಹೊತ್ತಿಗಷ್ಟೇ ಒಂದು ಹೆಸರು ನಿಂತಿತ್ತು. 2002ರಲ್ಲಿ ಡೇವ್ ಹಯಾಟ್ ಮತ್ತು ಇನ್ನೂ ಹದಿಹರೆಯದ ಬ್ಲೇಕ್ ರಾಸ್ ಅದನ್ನು ಶುರುಮಾಡಿದಾಗ ಇಟ್ಟ ಹೆಸರು ಫೀನಿಕ್ಸ್. ಆ ಹೆಸರಿನ ಕಂಪನಿ ಆಗಲೇ ಇತ್ತು. ಫೈರ್‌ಬರ್ಡ್ ಎಂದು ಬದಲಿಸಿದರೆ, ಅದೇ ಹೆಸರಿನ ಇನ್ನೊಂದು ಮುಕ್ತ ದತ್ತಸಂಚಯ ಯೋಜನೆಯವರು ಸಿಟ್ಟಾದರು. 2004ರ ಫೆಬ್ರುವರಿಯಲ್ಲಿ ಫೈರ್‌ಫಾಕ್ಸ್ ಎಂಬ ಹೆಸರು ಗಟ್ಟಿಯಾಯಿತು. ಜಾನ್ ಹಿಕ್ಸ್ ಅಂತಿಮ ರೂಪ ಕೊಟ್ಟ ನರಿಯ ಲಾಂಛನವೂ ಆಗಲೇ ಬಂತು. ಮುಕ್ತ ತಂತ್ರಾಂಶದವರು ಲಾಂಛನಕ್ಕೆ ಇಷ್ಟು ಮುತುವರ್ಜಿ ವಹಿಸಿದ್ದು ಅಪರೂಪ, ಆ ಮುತುವರ್ಜಿ ವ್ಯರ್ಥವಾಗಲಿಲ್ಲ.

ಸೆಪ್ಟೆಂಬರ್‌ನಲ್ಲಿ ‘ಸ್ಪ್ರೆಡ್ ಫೈರ್‌ಫಾಕ್ಸ್’ ಅಭಿಯಾನ ಆರಂಭವಾಯಿತು. ಬ್ಲೇಕ್ ರಾಸ್, ಏಸಾ ಡಾಟ್ಸ್ಲರ್ ಮೊದಲಾದವರು ಅದರ ಮುಂಚೂಣಿಯಲ್ಲಿದ್ದರು. ಬಳಕೆದಾರರನ್ನೇ ಪ್ರಚಾರಕರನ್ನಾಗಿ ಮಾಡುವುದು ಅವರ ಉಪಾಯ. ಸದಸ್ಯರಾದವರು ತಮ್ಮ ಜಾಲತಾಣದಲ್ಲಿ ಫೈರ್‌ಫಾಕ್ಸ್‌ನ ಪುಟ್ಟ ಗುಂಡಿಯೊಂದನ್ನು ಹಾಕಿಕೊಳ್ಳಬೇಕು. ಅದನ್ನು ಒತ್ತಿ ಬಂದವರ ಲೆಕ್ಕದ ಮೇಲೆ ಅಂಕ ಸಿಗುತ್ತಿತ್ತು, ಹೆಚ್ಚು ಅಂಕ ಪಡೆದವರ ಪಟ್ಟಿ ಎಲ್ಲರಿಗೂ ಕಾಣುತ್ತಿತ್ತು. ಮೊದಲ ಗುರಿ: ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯನ್ನು ಹತ್ತು ದಿನಗಳಲ್ಲಿ ಹತ್ತು ಲಕ್ಷ ಸಲ ಇಳಿಸುವುದು. ಅದಕ್ಕೆ ಹತ್ತು ದಿನ ಬೇಕಾಗಲಿಲ್ಲ, ಅರ್ಧದಷ್ಟು ಸಮಯವೇ ಸಾಕಾಯಿತು.

ಪತ್ರಿಕಾ ಜಾಹೀರಾತಿನ ಯೋಚನೆಯನ್ನು ಮುನ್ನಡೆಸಿದ್ದು ರಾಬ್ ಡೇವಿಸ್ ಎಂಬ ಸ್ವಯಂಸೇವಕ. ಅಕ್ಟೋಬರ್‌ನಲ್ಲಿ ಕರೆ ಹೊರಟಿತು: ತಲಾ 30 ಡಾಲರ್ ಕೊಡಿ, ನಿಮ್ಮ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. 2,500 ಮಂದಿ ಸಿಕ್ಕರೆ ಸಾಕೆಂದುಕೊಂಡಿದ್ದರು. ಬಂದವರು ಸುಮಾರು ಹತ್ತು ಸಾವಿರ, ಕೂಡಿದ್ದು ಸುಮಾರು ಎರಡೂವರೆ ಲಕ್ಷ ಡಾಲರ್. ದುಡ್ಡಿಗಿಂತ ದೊಡ್ಡದು ಆ ಹೆಸರುಗಳ ಬಲ. ತನ್ನ ಹೆಸರು ಅಚ್ಚಾದ ಪುಟವನ್ನು ಮನೆಯವರಿಗೆ, ಕಚೇರಿಯವರಿಗೆ ತೋರಿಸದೆ ಯಾರು ಸುಮ್ಮನಿರುತ್ತಾರೆ? ಜರ್ಮನ್ ಬಳಕೆದಾರರು ತಾವೇ ಹಣ ಕೂಡಿಸಿ ಡಿಸೆಂಬರ್ 2ರಂದು ಫ್ರಾಂಕ್‌ಫರ್ಟರ್ ಆಲ್ಗೆಮೈನೆ ಪತ್ರಿಕೆಯಲ್ಲಿ ಒಂದು ಪುಟ ಹಾಕಿಸಿದರು. ನ್ಯೂಯಾರ್ಕಿನ ಜಾಹೀರಾತಿಗಿಂತ ಎರಡು ವಾರ ಮೊದಲೇ!

ಬ್ರೌಸರ್ ಬಿಡುಗಡೆಯಾದದ್ದು ನವೆಂಬರ್ 9ರಂದು. ವಿಂಡೋಸ್ ಆವೃತ್ತಿಯ ಗಾತ್ರ ಐದು ಎಂಬಿಯೊಳಗೇ ಇತ್ತು. ಫೋನ್ ತಂತಿಯ ನಿಧಾನದ ಸಂಪರ್ಕ ಇದ್ದವರೂ ತಾಳ್ಮೆಯಿಂದ ಇಳಿಸಿಕೊಳ್ಳಬಹುದಿತ್ತು. ಒಂದೇ ಕಿಟಕಿಯಲ್ಲಿ ಹಲವು ಟ್ಯಾಬ್‌ಗಳು, ಪುಟಿಯುವ ಜಾಹೀರಾತುಗಳಿಗೆ ತಡೆ. ಈ ಎರಡನ್ನು ಪಕ್ಕದ ಮನೆಯವರಿಗೂ ಒಂದು ನಿಮಿಷದಲ್ಲಿ ತೋರಿಸಿ ಒಪ್ಪಿಸಬಹುದಿತ್ತು. ಪ್ರಚಾರ ಗೆದ್ದದ್ದು ಇದರಿಂದಲೇ. ಸರಕು ಹಸಿಯಾಗಿದ್ದರೆ ಹತ್ತು ಸಾವಿರ ಹೆಸರುಗಳು ಅದನ್ನು ಉಳಿಸುತ್ತಿರಲಿಲ್ಲ. 2005ರ ಅಕ್ಟೋಬರ್‌ನಲ್ಲಿ, ಇನ್ನೂ ವರ್ಷ ತುಂಬುವ ಮೊದಲೇ, ಇಳಿಕೆಗಳ ಸಂಖ್ಯೆ ಹತ್ತು ಕೋಟಿ ಮುಟ್ಟಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಬಿಲ್ ಗೇಟ್ಸ್ ಎಕ್ಸ್‌ಪ್ಲೋರರ್ 7 ತರುವುದಾಗಿ ಸಾರಿದ್ದರು. ಫೈರ್‌ಫಾಕ್ಸ್ ಬಳಸದವರಿಗೂ ಅದರಿಂದಾದ ಲಾಭ ಅದು.

ಉತ್ಸಾಹ ಆಮೇಲೂ ಇಂಗಲಿಲ್ಲ. 2006ರಲ್ಲಿ ಅಮೆರಿಕದ ಓರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಲಿನಕ್ಸ್ ಬಳಗದ ಹುಡುಗರು ಓಟ್ಸ್ ಹೊಲವೊಂದರಲ್ಲಿ ಬೆಳೆಯನ್ನೇ ತುಳಿದು ಮಲಗಿಸಿ, 220 ಅಡಿಗೂ ಹೆಚ್ಚು ಅಗಲದ ನರಿಯ ಲಾಂಛನ ಮೂಡಿಸಿದರು. 2008ರ ಜೂನ್‌ನಲ್ಲಿ ಮೂರನೆಯ ಆವೃತ್ತಿ ಬಂದಾಗ 24 ಗಂಟೆಗಳಲ್ಲಿ 80,02,530 ಸಲ ಇಳಿಕೆಯಾಗಿ ಗಿನ್ನೆಸ್ ದಾಖಲೆಯಾಯಿತು. ಆ ದಾಖಲೆ ಸುದ್ದಿಯಾಯಿತು, ನಿಜ. ಆದರೂ 2004ರ ಅಭಿಯಾನವೇ ಮೇಲು. ದಾಖಲೆಯಲ್ಲಿ ಜನ ಬರೀ ಸಂಖ್ಯೆಯಾದರು, ಜಾಹೀರಾತಿನಲ್ಲಿ ಪಾಲುದಾರರಾಗಿದ್ದರು.

ಫೈರ್‌ಫಾಕ್ಸ್ ಇಂದು ಕನ್ನಡದಲ್ಲೂ ಸಿಗುತ್ತದೆ. ಅದರ ಹಿಂದಿರುವುದೂ ಸ್ವಯಂಸೇವಕರ ದುಡಿಮೆ. ಕನ್ನಡಕ್ಕಾಗಿ ಮುಕ್ತ ಫಾಂಟ್, ಕೀಲಿಮಣೆ, ನಿಘಂಟು ಸಿದ್ಧಪಡಿಸುವ ಗೆಳೆಯರು ತಿಂಗಳುಗಟ್ಟಲೆ ದುಡಿದು, ಕೊನೆಗೆ ಬಿಡುಗಡೆಯನ್ನು ಒಂದು ಸಾಲಿನ ಪ್ರಕಟಣೆಯಲ್ಲಿ ಮುಗಿಸಬಾರದು. ದಿನಾಂಕವನ್ನು ಎರಡು ತಿಂಗಳು ಮೊದಲೇ ಗೊತ್ತುಮಾಡಿ. ಈಗಾಗಲೇ ಬಳಸುತ್ತಿರುವವರಿಗೆ ಒಂದೊಂದು ಸಣ್ಣ ಕೆಲಸ ವಹಿಸಿ, ಅವರ ಹೆಸರುಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ.