ಕಣ್ಣು ಹಳದಿ, ನೋವಿಲ್ಲ: ಒಂದು ಕಾಮಣಿಯ ಇತಿಹಾಸ

ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಆದ್ರೂ ಇವತ್ತು ಒಂದು ಕಾಯಿಲೆಯ ಇತಿಹಾಸ ಹೇಳ್ತೀನಿ. ಕಾರಣ ಮನೆಯದೇ.

ಕಂಪ್ಲಿಯಲ್ಲಿ ನಮ್ಮ ಸೋದರಮಾವ ಕಬ್ಬು, ಭತ್ತ ಬೆಳೀತಿದ್ರು. ವಯಸ್ಸು 58. ಒಂದು ಬೇಸಿಗೆಯಲ್ಲಿ ಹೊಸದಾಗಿ ಶುಗರ್ ಬಂತು. ಊಟ ಸೇರಲಿಲ್ಲ, ತೂಕ ಇಳೀತು. "ಶುಗರ್ ಬಂದ್ಮೇಲೆ ಸೊರಗೋದು ಇದ್ದದ್ದೇ" ಅಂದ್ಕೊಂಡ್ವಿ. ಆಮೇಲೆ ಕಣ್ಣು ಹಳದಿ ಆಯ್ತು. "ಕಾಮಣಿ ಆಗೈತಿ, ನೋವೇನೂ ಇಲ್ಲ ಬಿಡಪ್ಪ" ಅಂತ ನಾಟಿ ಔಷಧಿಗೆ ಹೋದ್ರು. ಬೆಳಿಗ್ಗೆ ಸೊಪ್ಪಿನ ರಸ, ಎಣ್ಣೆ ಇಲ್ಲದ ಪಥ್ಯ. ಹಂಗೇ ಐದು ವಾರ ಹೋಯ್ತು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರ್‌ಗೂ ಹರಡಿತ್ತು. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿ ಬೆಂಗಳೂರಿಗೆ ಕರ್ಕೊಂಡು ಹೋದ್ವಿ. ಆಪರೇಷನ್ ಮಾಡೋ ಹಂತ ದಾಟಿತ್ತು.

"ನೋವಿಲ್ಲ" ಅನ್ನೋದೇ ಎಚ್ಚರಿಕೆ ಅಂತ ನನಗೆ ತಿಳಿದಿದ್ದು ಅವರು ತೀರಿಕೊಂಡ ಮೇಲೆ. ವೈದ್ಯರಿಗೆ ಇದು ನೂರು ವರ್ಷಕ್ಕೂ ಹಿಂದೆಯೇ ತಿಳಿದಿತ್ತು.

ಮೇದೋಜೀರಕ ಅಂದ್ರೆ ಜಠರದ ಹಿಂದೆ, ಬೆನ್ನಿಗೆ ಹತ್ತಿರ ಇರೋ ಸುಮಾರು 15 ಸೆಂ.ಮೀ. ಉದ್ದದ ಗ್ರಂಥಿ. ಇನ್ಸುಲಿನ್ ತಯಾರಾಗೋದು ಇಲ್ಲೇ. ಪಿತ್ತನಾಳ ಇದರ ತಲೆಭಾಗದ ಮೂಲಕವೇ ಕರುಳಿಗೆ ಹೋಗುತ್ತೆ. ಅಲ್ಲಿ ಗಡ್ಡೆ ಬೆಳೆದ್ರೆ ನಾಳ ಮುಚ್ಚುತ್ತೆ, ಪಿತ್ತ ರಕ್ತಕ್ಕೆ ಸೇರುತ್ತೆ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮಲ ಬಿಳಚು, ಮೈಯೆಲ್ಲ ತುರಿಕೆ.

ಕಾಮಣಿ ಎಲ್ಲಾ ಒಂದೇ ಅಲ್ಲ ಅನ್ನೋದು ನಮ್ಮವರಿಗೂ ಹೊಸದಲ್ಲ. ಚರಕ ಸಂಹಿತೆಯಲ್ಲಿ ಪಿತ್ತದ ದಾರಿ ಕಟ್ಟಿಕೊಂಡು ಬರೋ ಕಾಮಲೆಯ ವಿವರಣೆ ಬೇರೆಯೇ ಇದೆ. ಅದರ ಗುರುತು, ಅರೆದ ಎಳ್ಳಿನ ಬಣ್ಣದ ಮಲ. ಅಲ್ಲಿ ಕ್ಯಾನ್ಸರ್ ಅನ್ನೋ ಮಾತಿಲ್ಲ, ಆದ್ರೆ ದಾರಿ ಕಟ್ಟಿದೆ ಅನ್ನೋ ತಿಳಿವಳಿಕೆ ಇದೆ.

1890ರಲ್ಲಿ ಸ್ವಿಟ್ಜರ್ಲೆಂಡಿನ ಸರ್ಜನ್ ಲುಡ್ವಿಗ್ ಕೊರ್ವಾಸಿಯೇ ಇನ್ನೊಂದು ಗುರುತು ಬರೆದಿಟ್ಟರು. ಕಣ್ಣು ಹಳದಿಯಾಗಿ, ನೋವಿಲ್ಲದೆ ಪಿತ್ತಕೋಶ ಊದಿ ಕೈಗೆ ಸಿಕ್ಕರೆ, ಕಾರಣ ಕಲ್ಲು ಇರೋದು ಅಪರೂಪ, ಬೇರೇನೋ ಒತ್ತುತ್ತಿರಬೇಕು. ಅದಕ್ಕೂ ಮೊದಲು, 1865ರಲ್ಲಿ ಪ್ಯಾರಿಸ್ಸಿನ ಅರ್ಮಾಂ ಟ್ರೂಸೋ, ಕಾರಣವಿಲ್ಲದೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಒಳಗೆಲ್ಲೋ ಕ್ಯಾನ್ಸರ್ ಇರಬಹುದು ಅಂದಿದ್ದರು. ಎರಡು ವರ್ಷದಲ್ಲಿ ಅದೇ ಗುರುತು ಅವರಲ್ಲೇ ಕಾಣಿಸಿತು. ತನ್ನ ರೋಗವನ್ನ ತಾನೇ ಗುರುತಿಸಿ, 1867ರಲ್ಲಿ ಹೊಟ್ಟೆಯೊಳಗಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಗುರುತು ಗೊತ್ತಿತ್ತು, ಮದ್ದಿರಲಿಲ್ಲ.

1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್ ಗಡ್ಡೆ ತೆಗೆಯೋ ಆಪರೇಷನ್ ಬಗ್ಗೆ ಪ್ರಕಟಿಸಿದರು. ಇವತ್ತಿಗೂ ಅದಕ್ಕೆ ವಿಪಲ್ ಅಂತಾನೇ ಹೆಸರು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಗೆ ಸಿ.ಟಿ. ಸ್ಕ್ಯಾನ್ ಆಯ್ತು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಶುರುವಾಯ್ತು. ನೋಡೋ ಯಂತ್ರ, ಚಿಕಿತ್ಸೆಯ ಜಾಗ, ಎರಡೂ ನನಗಿಂತ ಹಳೆಯವು. ನಮ್ಮ ಮಾವನಿಗೆ ಸಿಗದೇ ಹೋಗಿದ್ದು ಆ ಐದು ವಾರ.

ಹಾಗಂತ ಇದು ಸುಲಭದ ಕಾಯಿಲೆಯೂ ಅಲ್ಲ. ಪಕ್ಕದ ಗೋವಾದ ಮುಖ್ಯಮಂತ್ರಿ ಮನೋಹರ ಪರ್ರೀಕರ್ 2018ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ್ದರು. ಅಮೆರಿಕದಲ್ಲೂ ಚಿಕಿತ್ಸೆ ಪಡೆದರು. 2019ರ ಮಾರ್ಚ್ 17ಕ್ಕೆ ಹೋಗಿಬಿಟ್ಟರು. ಆಪರೇಷನ್‌ಗೆ ಆಗೋ ಹಂತದಲ್ಲಿ ಸಿಕ್ಕಿಬೀಳೋದು ಐದರಲ್ಲಿ ಒಬ್ಬರಷ್ಟೇ.

ನಾಟಿ ಔಷಧಿಯಿಂದ ಎಷ್ಟೋ ಜನ ಹುಷಾರಾಗಿದಾರಲ್ಲ ಅಂತ ಕೇಳಬಹುದು. ನಿಜ, ವೈರಸ್‌ನಿಂದ ಬರೋ ಕಾಮಣಿ ಬಹಳಷ್ಟು ಸಲ ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತೆ. ಹೆಸರು ಸೊಪ್ಪಿಗೆ ಬರುತ್ತೆ. ನಾಳ ಕಟ್ಟಿದ್ರೆ ಯಾವ ಸೊಪ್ಪೂ ಬಿಡಿಸಲ್ಲ.

ಸಂಡೂರಿನಿಂದ ಹಂಪಿವರೆಗೆ ಯಾರೇ ಕೇಳ್ತಿರಲಿ, ಕಣ್ಣು ಹಳದಿಯಾದ್ರೆ ಮೊದಲು ಡಾಕ್ಟರ್, ರಕ್ತ ಪರೀಕ್ಷೆ, ಹೊಟ್ಟೆ ಸ್ಕ್ಯಾನ್. 50 ದಾಟಿದವರಿಗೆ ಹೊಸದಾಗಿ ಶುಗರ್ ಬಂದು, ಕಾರಣವಿಲ್ಲದೆ ತೂಕ ಇಳಿದ್ರೆ, ಹೊಟ್ಟೆ ನೋವು ಬೆನ್ನಿಗೆ ಹೊಡೀತಿದ್ರೆ, ಗ್ಯಾಸ್ ಮಾತ್ರೆ ನುಂಗಿ ಕೂರಬೇಡಿ. ಹೆಚ್ಚಿನವರಿಗೆ ಕ್ಯಾನ್ಸರ್ ಇರಲ್ಲ. ಇದ್ದವರಿಗೆ ಮಾತ್ರ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತೆ.

ಮನೆಯಲ್ಲಿ ಹಿರಿಯರು "ನೋವೇನೂ ಇಲ್ಲಪ್ಪ" ಅಂದ್ರೆ, ಒಂದ್ಸಲ ಅವರ ಕಣ್ಣು ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.