ಒಲೆಯ ಮುಂದಿನ ಪತ್ತೇದಾರ: ಅಡುಗೆಯವರು ನಾಯಕರಾದ ರಹಸ್ಯಕಥನ ಮತ್ತು ಕನ್ನಡದ ಅನುಭವ

ಪತ್ತೇದಾರಿ ಸಾಹಿತ್ಯದ ಕವಲುಗಳಲ್ಲಿ ‘ಕೋಝಿ ಮಿಸ್ಟರಿ’ ಎಂಬ ಹೆಸರಿನದು ರಕ್ತಪಾತವನ್ನು ವರ್ಣಿಸಲು ಹೋಗುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ಅಪರಾಧವೊಂದನ್ನು ನಡೆಸಿ, ಪೊಲೀಸನೂ ಅಲ್ಲದ, ವೃತ್ತಿಯ ಪತ್ತೇದಾರನೂ ಅಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯಿಂದ ಅದರ ಗಂಟನ್ನು ಬಿಡಿಸುತ್ತದೆ. ಮನೆಯಂಗಳದ ಪತ್ತೇದಾರಿ ಎಂದು ಕನ್ನಡದಲ್ಲಿ ಕರೆಯಬಹುದಾದ ಈ ಪ್ರಕಾರದಲ್ಲಿ ಅಡುಗೆಯವರನ್ನೇ ನಾಯಕರನ್ನಾಗಿ ಮಾಡಿಕೊಂಡ ಉಪಶಾಖೆಯೊಂದು ಕಳೆದ ನಲವತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ಹುಲುಸಾಗಿ ಬೆಳೆದಿದೆ. ಕನ್ನಡದ ಪ್ರಸಿದ್ಧ ಪತ್ತೇದಾರಿ ಸರಣಿಗಳಲ್ಲಿ ಮಾತ್ರ ಅಡುಗೆಯವರು ನಾಯಕಪಟ್ಟಕ್ಕೆ ಏರಲಿಲ್ಲ. ಅಡುಗೆ, ವಿಷ, ಗುರುತು ಈ ಮೂರನ್ನೂ ಒಟ್ಟಿಗೆ ಬಲ್ಲ ಬರವಣಿಗೆ ಕನ್ನಡದಲ್ಲಿ ಸುಮಾರು ಸಾವಿರ ವರ್ಷಗಳಿಂದ ಇರುವಾಗ ಈ ಗೈರುಹಾಜರಿ ಏಕೆ ಉಂಟಾಯಿತು ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಇಂಗ್ಲಿಷ್ ಪತ್ತೇದಾರಿ ಕಾದಂಬರಿಯಲ್ಲಿ ಊಟದ ತಟ್ಟೆ ಮೊದಲಿನಿಂದಲೂ ಸಾಕ್ಷಿಯ ಸ್ಥಾನದಲ್ಲಿತ್ತು. ಅಗಾಥಾ ಕ್ರಿಸ್ಟಿಯ 1920ರ ಮೊದಲ ಕಾದಂಬರಿಯೇ ವಿಷಪ್ರಾಶನದ ಕಥೆ. ಡೊರೊಥಿ ಸೇಯರ್ಸ್ 1930ರಲ್ಲಿ ಬರೆದ ‘ಸ್ಟ್ರಾಂಗ್ ಪಾಯ್ಸನ್’ ಕಾದಂಬರಿಯಲ್ಲಿ ಒಂದು ರಾತ್ರಿಯ ಊಟದ ಪ್ರತಿಯೊಂದು ತಿನಿಸನ್ನೂ ಯಾರು ಯಾರು ತಿಂದರು, ಉಳಿದದ್ದು ಎಲ್ಲಿಗೆ ಹೋಯಿತು ಎಂಬ ಲೆಕ್ಕ ನ್ಯಾಯಾಲಯದಲ್ಲೇ ನಡೆಯುತ್ತದೆ. ಆದರೂ ಆ ಕಾಲದ ಕಥೆಗಳಲ್ಲಿ ಅಡುಗೆಯವರು ಹೇಳಿಕೆ ಕೊಟ್ಟು ಮರೆಗೆ ಸರಿಯುವ ಸಾಕ್ಷಿಗಳಾಗಿದ್ದರೇ ಹೊರತು ಆಲೋಚಿಸುವ ತಲೆಗಳಾಗಿರಲಿಲ್ಲ. ರೆಕ್ಸ್ ಸ್ಟೌಟ್‌ನ 1938ರ ‘ಟೂ ಮೆನಿ ಕುಕ್ಸ್’ ಕಾದಂಬರಿಯಲ್ಲಿ ಹೆಸರಾಂತ ಬಾಣಸಿಗರೆಲ್ಲ ಒಂದೆಡೆ ಸೇರಿದರೂ ರಹಸ್ಯವನ್ನು ಬಿಡಿಸುವವನು ಭೋಜನಪ್ರಿಯನಾದ ವೃತ್ತಿಪತ್ತೇದಾರ ನೀರೋ ವುಲ್ಫ್. ಅಡುಗೆ ಬಲ್ಲವರು ಶಂಕಿತರು, ಉಣ್ಣಬಲ್ಲವನು ಪತ್ತೇದಾರ. ಈ ಏರ್ಪಾಡು ಸಡಿಲಗೊಂಡ ಮೊದಲ ಗಮನಾರ್ಹ ಸಂದರ್ಭ ಕ್ರಿಸ್ಟಿಯ 1957ರ ‘4.50 ಫ್ರಮ್ ಪ್ಯಾಡಿಂಗ್ಟನ್’. ಮಿಸ್ ಮಾರ್ಪಲ್‌ಳ ಪರವಾಗಿ ಲೂಸಿ ಐಲ್ಸ್‌ಬ್ಯಾರೋ ಎಂಬ ಯುವತಿ ಶ್ರೀಮಂತರ ಮನೆಯೊಂದರಲ್ಲಿ ಅಡುಗೆ ಮತ್ತು ಮನೆವಾರ್ತೆಯ ಕೆಲಸಕ್ಕೆ ಸೇರಿ, ಆ ಕೆಲಸದ ಮರೆಯಲ್ಲೇ ಶವವನ್ನು ಹುಡುಕಿ ತೆಗೆಯುತ್ತಾಳೆ. ಅಡುಗೆಯವಳಿಗೆ ಮನೆಯ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ, ಆದರೆ ಯಾರ ಕಣ್ಣೂ ಅವಳ ಮೇಲಿರುವುದಿಲ್ಲ ಎಂಬ ಸಾಮಾಜಿಕ ಸತ್ಯ ಇಲ್ಲಿ ಕಥನತಂತ್ರವಾಗಿ ಮಾರ್ಪಟ್ಟಿತು.

1982ರಲ್ಲಿ ವರ್ಜೀನಿಯಾ ರಿಚ್ ಪ್ರಕಟಿಸಿದ ‘ದ ಕುಕಿಂಗ್ ಸ್ಕೂಲ್ ಮರ್ಡರ್ಸ್’, ಅದರ ನಾಯಕಿ ಯುಜೀನಿಯಾ ಪಾಟರ್, ಅಡುಗೆಯವರು ನಾಯಕರಾದ ಈ ಉಪಶಾಖೆಯ, ಅಂದರೆ ಪಾಕಪತ್ತೇದಾರಿಯ, ಆರಂಭವೆಂದು ಸಾಮಾನ್ಯವಾಗಿ ಗಣಿಸಲ್ಪಡುತ್ತವೆ. 1990ರಲ್ಲಿ ಡಯಾನ್ ಮಾಟ್ ಡೇವಿಡ್ಸನ್ ‘ಕೇಟರಿಂಗ್ ಟು ನೋಬಡಿ’ಯಲ್ಲಿ ಸಮಾರಂಭಗಳಿಗೆ ಅಡುಗೆ ಒದಗಿಸುವ ಗೋಲ್ಡಿಯನ್ನೂ, 2000ದಲ್ಲಿ ಜೋನ್ ಫ್ಲೂಕ್ ಬೇಕರಿ ನಡೆಸುವ ಹ್ಯಾನಾ ಸ್ವೆನ್ಸನ್‌ಳನ್ನೂ ಸೃಷ್ಟಿಸಿದ ಮೇಲೆ ಕಥೆಯ ಜೊತೆಯಲ್ಲೇ ತಿನಿಸು ಮಾಡುವ ವಿಧಾನವನ್ನೂ ಅಚ್ಚು ಹಾಕುವುದು ಈ ಪ್ರಕಾರದ ಲಕ್ಷಣವಾಗಿ ನೆಲೆಯೂರಿತು. ಈ ಪದ್ಧತಿಯನ್ನು ಮಾರಾಟದ ಉಪಾಯವೆಂದು ತಳ್ಳಿಹಾಕುವುದು ಸರಿಯಲ್ಲ. ಅಳತೆ, ಅನುಕ್ರಮ, ಕಾಯುವ ಹೊತ್ತು ಇವುಗಳನ್ನು ಓದುಗರ ಕೈಗೆ ಕೊಟ್ಟಾಗ ಅಪರಾಧದ ಲೆಕ್ಕಾಚಾರದಲ್ಲೂ ಅವರು ಪಾಲುದಾರರಾಗುತ್ತಾರೆ. ಪಾಕವಿಧಾನದ ತರ್ಕ ಮತ್ತು ಪತ್ತೆಯ ತರ್ಕ ಎರಡೂ ‘ಏನನ್ನು, ಎಷ್ಟು, ಯಾವಾಗ, ಯಾರು ಹಾಕಿದರು’ ಎಂಬ ಒಂದೇ ಪ್ರಶ್ನಾವಳಿಯ ಮೇಲೆ ನಿಂತಿವೆ.

ಈ ಪ್ರಶ್ನಾವಳಿ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಓರಿಯೆಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ವು ಅಡುಗೆಯವರನ್ನು ಎರಡು ಬಗೆಯಲ್ಲಿ ಕಾಣುತ್ತದೆ. ಒಂದೆಡೆ ಸೂದ ಮತ್ತು ಆರಾಲಿಕ, ಅಂದರೆ ಅಡುಗೆ ಮಾಡುವವರು, ವಿಷವಿಕ್ಕುವ ಗೂಢಚಾರರ ವೇಷಗಳ ಪಟ್ಟಿಯಲ್ಲಿ ಸೇರಿದ್ದಾರೆ. ಇನ್ನೊಂದೆಡೆ ಅರಸನ ಅಡುಗೆ ಕಾವಲಿರುವ ಸ್ಥಳದಲ್ಲಿ ನಡೆಯಬೇಕು, ಅನ್ನವನ್ನು ಮೊದಲು ಅಗ್ನಿಗೂ ಹಕ್ಕಿಗಳಿಗೂ ಅರ್ಪಿಸಬೇಕು ಎಂಬ ವಿಧಿಯಿದೆ. ವಿಷ ಬೆರೆತಿದ್ದರೆ ಉರಿಯೂ ಹೊಗೆಯೂ ನೀಲಿಯಾಗುತ್ತವೆ, ಹಕ್ಕಿಗಳು ಸಾಯುತ್ತವೆ, ಅನ್ನದ ಹಬೆ ನವಿಲಿನ ಕೊರಳಿನ ಬಣ್ಣಕ್ಕೆ ತಿರುಗುತ್ತದೆ ಎಂದು ಅದು ಒಂದೊಂದಾಗಿ ಹೇಳುತ್ತದೆ. ಇಂದಿನ ರಸಾಯನಶಾಸ್ತ್ರ ಈ ಲಕ್ಷಣಗಳಲ್ಲಿ ಎಷ್ಟನ್ನು ಒಪ್ಪೀತು ಎಂಬುದು ಬೇರೆ ಮಾತು. ಒಲೆಯ ಮುಂದೆ ನಿಂತು ಬಣ್ಣ, ವಾಸನೆ, ಹಬೆಗಳಿಂದ ಅಪರಾಧವನ್ನು ಊಹಿಸುವ ಕ್ರಮವೊಂದು ಶಾಸ್ತ್ರರೂಪದಲ್ಲಿ ಇತ್ತೆಂಬುದೇ ಇಲ್ಲಿ ಮುಖ್ಯ.

ಕನ್ನಡದಲ್ಲೇ ಬರೆದ ಶಾಸ್ತ್ರಗ್ರಂಥಗಳು ಇನ್ನೂ ಹತ್ತಿರದ ನಿದರ್ಶನ ಒದಗಿಸುತ್ತವೆ. 11ನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ವು ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯನ್ನೆಲ್ಲ ಒಂದೆಡೆ ಕೂಡಿಸುವಾಗ ಸೂಪಶಾಸ್ತ್ರವನ್ನೂ ವಿಷಚಿಕಿತ್ಸೆಯನ್ನೂ ಒಂದೇ ಗ್ರಂಥದೊಳಗೆ ಇರಿಸಿತು. ಮುಂದೆ ಈ ಎರಡು ವಿದ್ಯೆಗಳು ಬೇರೆ ಬೇರೆ ಕೃತಿಗಳಾಗಿ ಕವಲೊಡೆದವು: 14ನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯಗ್ರಂಥವನ್ನು ಬರೆದರೆ, 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಬರೆದ. ಹೆಚ್ಚು ಕಡಿಮೆ ಒಂದೇ ಹೆಸರಿನ ಇಬ್ಬರು ಕವಿಗಳಲ್ಲಿ ಒಬ್ಬ ವಿಷಕ್ಕೆ, ಇನ್ನೊಬ್ಬ ರುಚಿಗೆ ಪದ್ಯ ಕಟ್ಟಿದ್ದು ಕಾಕತಾಳೀಯವಾದರೂ, ಪಾಕಪತ್ತೇದಾರಿಗೆ ಬೇಕಾದ ವಿದ್ಯೆಯ ಎರಡು ತೋಳುಗಳೂ ಕನ್ನಡದ ಕೈಯಲ್ಲಿದ್ದವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಡ.

ಶಾಸ್ತ್ರಕ್ಕಿಂತಲೂ ಕಥೆಯಲ್ಲಿ ಈ ಎಳೆ ಗಟ್ಟಿಯಾಗಿದೆ. ಮಹಾಭಾರತದ ನಳೋಪಾಖ್ಯಾನದ ಕೊನೆಯ ಭಾಗವನ್ನು ಪತ್ತೇದಾರಿ ಕಥನದ ಕಣ್ಣಿನಿಂದ ಓದಿದವರು ವಿರಳ. ಹಾಗೆ ಓದಿದರೆ ಅದರ ಕಟ್ಟುನಿಟ್ಟು ಬೆರಗು ಹುಟ್ಟಿಸುತ್ತದೆ. ರೂಪ ಕೆಟ್ಟು ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಬಳಿ ಸಾರಥಿಯೂ ಅಡುಗೆಯವನೂ ಆಗಿರುವ ನಳನನ್ನು ಗುರುತಿಸಬೇಕಾದ ದಮಯಂತಿ ಮುಖವನ್ನು ನಂಬುವಂತಿಲ್ಲ, ಏಕೆಂದರೆ ಮುಖವೇ ಬದಲಾಗಿದೆ. ಅವಳು ಕೇಶಿನಿ ಎಂಬ ಸಖಿಯನ್ನು ನಿಗಾ ಇಡಲು ಕಳುಹಿಸುತ್ತಾಳೆ. ಬರಿದಾದ ಪಾತ್ರೆಗಳು ಬಾಹುಕನ ನೋಟ ಮಾತ್ರದಿಂದ ನೀರು ತುಂಬಿಕೊಂಡದ್ದನ್ನೂ, ಅವನು ಹಿಡಿದ ಹುಲ್ಲು ತಾನಾಗಿ ಹೊತ್ತಿಕೊಂಡದ್ದನ್ನೂ ಕೇಶಿನಿ ಬಂದು ವರದಿ ಮಾಡುತ್ತಾಳೆ. ಅಷ್ಟಕ್ಕೇ ತೃಪ್ತಳಾಗದ ದಮಯಂತಿ ಅವನು ಬೇಯಿಸಿದ ಮಾಂಸದ ಚೂರನ್ನು ತರಿಸಿ ತಿಂದು ನೋಡುತ್ತಾಳೆ; ಹಿಂದೆ ಎಷ್ಟೋ ಬಾರಿ ಉಂಡ ಕೈಯಡುಗೆಯ ಹದ ಅವಳ ನಾಲಗೆಗೆ ಗೊತ್ತು. ಕೊನೆಗೆ ಮಕ್ಕಳನ್ನು ಅವನೆದುರು ನಿಲ್ಲಿಸಿ ಅವನ ಕಣ್ಣೀರನ್ನೂ ಪುರಾವೆಯಾಗಿ ಪಡೆಯುತ್ತಾಳೆ. ನಿಗಾ, ವರದಿ, ವಸ್ತುಸಾಕ್ಷ್ಯ, ಎದುರುಬದುರು ಪರೀಕ್ಷೆ ಎಂಬ ನಾಲ್ಕು ಹಂತಗಳ ಈ ತನಿಖೆಯಲ್ಲಿ ನಿರ್ಣಾಯಕವಾದದ್ದು ಒಂದು ತುತ್ತು. ಜಪಾನಿನ ಹಿಸಾಶಿ ಕಾಶಿವಾಯಿ 2013ರಲ್ಲಿ ಆರಂಭಿಸಿದ ಕಮೊಗಾವ ಸರಣಿಯಲ್ಲಿ ಕ್ಯೋಟೋ ನಗರದ ನಿವೃತ್ತ ಪೊಲೀಸನೊಬ್ಬ ಮಗಳ ಜೊತೆ ಊಟದ ಮನೆ ನಡೆಸುತ್ತ ಗಿರಾಕಿಗಳ ನೆನಪಿನಲ್ಲಷ್ಟೇ ಉಳಿದ ರುಚಿಗಳನ್ನು ಪತ್ತೆಹಚ್ಚಿ ಮರಳಿ ಬಡಿಸುವುದನ್ನು ಇಂದಿನ ಓದುಗರು ಹೊಸತೆಂದು ಮೆಚ್ಚಿದ್ದಾರೆ. ಕನಕದಾಸರ ‘ನಳಚರಿತ್ರೆ’ಯ ಮೂಲಕ ಕನ್ನಡದ ಹಳ್ಳಿಹಳ್ಳಿಗೆ ತಲುಪಿದ ಕಥೆಯ ಮೂಲದಲ್ಲೇ ಆ ಬೀಜವಿತ್ತು. ಕುಮಾರವ್ಯಾಸನ ವಿರಾಟಪರ್ವದಲ್ಲಿ ವಲಲನೆಂಬ ಹೆಸರಿನಿಂದ ವಿರಾಟನ ಅಡುಗೆಮನೆ ಸೇರಿದ ಭೀಮನದು ಇದೇ ಎಳೆಯ ಇನ್ನೊಂದು ತುದಿ: ಅರಮನೆಯೊಳಗಿನ ಅನ್ಯಾಯ ಅವನ ಕಿವಿಗೆ ಬೀಳುವುದೂ, ಅದಕ್ಕೆ ಅವನು ಪರಿಹಾರ ಕಾಣುವುದೂ ಅಡುಗೆಯವನಾಗಿರುವಾಗಲೇ.

ಇಷ್ಟೆಲ್ಲ ಸಾಮಗ್ರಿಯಿದ್ದೂ ಆಧುನಿಕ ಕನ್ನಡದ ಪತ್ತೇದಾರ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ದಿಂದ ಆರಂಭಿಸಿ 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು, ಕನ್ನಡ ಬಾವುಟವನ್ನು ರೂಪಿಸಿದ ಚಳವಳಿಗಾರರೂ ಆಗಿದ್ದ ಮ. ರಾಮಮೂರ್ತಿಯವರು ಕನ್ನಡಿಗರಿಗೆ ಓದುವ ಚಟ ಹಿಡಿಸಿದ ರೀತಿಗೆ ಕನ್ನಡ ಎಂದೆಂದಿಗೂ ಋಣಿ. ಪುರುಷೋತ್ತಮ, ಮಧುಸೂದನ, ಅರಿಂಜಯರಂಥ ನರಸಿಂಹಯ್ಯನವರ ನಾಯಕರು ಸಾಹಸಿಗರು, ಬೀದಿಯಲ್ಲಿ ಓಡಾಡುವವರು, ವೇಷ ಮರೆಸುವವರು. ಅದೇ ದಶಕಗಳಲ್ಲಿ ಮನೆಯೊಳಗಿನ ಬದುಕನ್ನು ತ್ರಿವೇಣಿ, ಎಂ.ಕೆ. ಇಂದಿರಾ ಮೊದಲಾದ ಲೇಖಕಿಯರು ಸಾಮಾಜಿಕ ಕಾದಂಬರಿಗಳಲ್ಲಿ ಬರೆಯುತ್ತಿದ್ದರು. ಬೀದಿ ಪತ್ತೇದಾರಿಯ ಪಾಲಿಗೆ, ಒಲೆ ಸಾಮಾಜಿಕ ಕಾದಂಬರಿಯ ಪಾಲಿಗೆ ಎಂಬ ಈ ಹಂಚಿಕೆಯೇ ಕನ್ನಡದಲ್ಲಿ ಪಾಕಪತ್ತೇದಾರಿ ಹುಟ್ಟದಿರಲು ಮುಖ್ಯ ಕಾರಣವೆನ್ನಬೇಕು. ಇಂದಿರಾ ಅವರ ‘ಫಣಿಯಮ್ಮ’ (1976) ಈ ನಷ್ಟದ ಗಾತ್ರವನ್ನು ತೋರಿಸುತ್ತದೆ: ಬಾಲವಿಧವೆಯಾಗಿ ದೊಡ್ಡ ಕುಟುಂಬದ ದುಡಿಮೆಗೆ ಹೆಗಲು ಕೊಟ್ಟು, ಹೆರಿಗೆಗಳಿಗೆ ನೆರವಾಗಿ, ಮನೆಮನೆಯ ಗುಟ್ಟುಗಳನ್ನು ಕಂಡೂ ಹೊರಗೆಡಹದ ಆ ಹೆಂಗಸಿನ ಅವಲೋಕನಶಕ್ತಿ ಯಾವ ಪತ್ತೇದಾರನಿಗೂ ಕಡಿಮೆಯಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕಿರುಕಾದಂಬರಿ ಈ ಗಡಿಯನ್ನು ಸದ್ದಿಲ್ಲದೆ ದಾಟಿತು. ಮಸಾಲೆ ವ್ಯಾಪಾರದಿಂದ ಸಿರಿವಂತವಾದ ಮನೆಯ ಬಾಗಿಲಿಗೆ ಅಪರಿಚಿತ ಹೆಂಗಸೊಬ್ಬಳು ಚಿಕ್ಕಪ್ಪನಿಗೆಂದು ಬೇಳೆಯ ಅಡುಗೆ ಹೊತ್ತು ಬರುವ ದೃಶ್ಯದಲ್ಲಿ ಆ ಪಾತ್ರೆಯೇ ಮನೆಯವರ ಕ್ರೌರ್ಯಕ್ಕೆ ಸಾಕ್ಷಿಯಾಗುತ್ತದೆ.

ಪ್ರಕಾರ ಬೇರೂರಲು ನೆಲವೂ ಬೇಕಷ್ಟೆ. 1986ರಲ್ಲಿ ರಚನೆಯಾದ, ಇಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳಿರುವ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಪಯುಕ್ತ. ಮನೆಯಂಗಳದ ಪತ್ತೇದಾರಿಗೆ ಊರವರೆಲ್ಲ ಪರಸ್ಪರ ಬಲ್ಲವರಾಗಿರಬೇಕು, ಆದರೆ ಹೊಸಬರು ಬಂದು ಹಳೆಯ ಲೆಕ್ಕಗಳನ್ನು ಕದಡುತ್ತಲೂ ಇರಬೇಕು. ಮಗ್ಗಗಳ ಸದ್ದಿನ ದೊಡ್ಡಬಳ್ಳಾಪುರ, ತುಮಕೂರು ಮತ್ತು ಹಾಸನದ ಹೆದ್ದಾರಿಗಳು ಕವಲೊಡೆಯುವ ನೆಲಮಂಗಲ, 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಜಮೀನಿನ ಬೆಲೆಯೊಂದಿಗೆ ಸಂಬಂಧಗಳ ಬೆಲೆಯೂ ಬದಲಾದ ದೇವನಹಳ್ಳಿ, ಈ ಮೂರೂ ಅಂಥ ಊರುಗಳು.

ಹೊಸಕೋಟೆಯದು ಇನ್ನೂ ವಿಶೇಷ. ಇಲ್ಲಿನ ದಮ್ ಬಿರಿಯಾನಿಗಾಗಿ ಬೆಂಗಳೂರಿನಿಂದ ಜನ ಬೆಳಗಿನ ಜಾವ ನಾಲ್ಕಕ್ಕೇ ಬಂದು ಸಾಲು ನಿಲ್ಲುತ್ತಾರೆ. ಅಂದರೆ ಊರು ಮಲಗಿರುವಾಗ ಎದ್ದಿರುವವರು ಅಡುಗೆಯವರು. ದಮ್ ಎಂದರೆ ಪಾತ್ರೆಯ ಮುಚ್ಚಳವನ್ನು ಬಿಗಿದು, ಹಬೆ ಹೊರಹೋಗದಂತೆ ಕೆಂಡದ ಕಾವಿನಲ್ಲಿ ಬೇಯಿಸುವ ವಿಧಾನ. ಮುಚ್ಚಳ ಬಿದ್ದ ಮೇಲೆ ಒಳಗೆ ಏನನ್ನೂ ಸೇರಿಸುವಂತಿಲ್ಲ, ಮೊದಲೇ ತೆರೆದರೆ ಹದ ಕೆಟ್ಟು ಗುಟ್ಟು ರಟ್ಟಾಗುತ್ತದೆ. ಒಳಗಿನಿಂದ ಅಗುಳಿ ಹಾಕಿದ ಕೋಣೆಯಲ್ಲಿ ಕೊಲೆ ನಡೆದದ್ದು ಹೇಗೆ ಎಂಬ ಪತ್ತೇದಾರಿ ಸಾಹಿತ್ಯದ ಹಳೆಯ ಒಗಟಿಗೆ ಇದಕ್ಕಿಂತ ಸಹಜವಾದ ಪ್ರತಿರೂಪ ಹುಡುಕುವುದು ಕಷ್ಟ.

ಅದಕ್ಕಿಂತಲೂ ಫಲವತ್ತಾದ ಪಾತ್ರ ಮದುವೆ, ನಾಮಕರಣ, ತಿಥಿಗಳಿಗೆ ಮನೆಯಿಂದ ಮನೆಗೆ ಹೋಗುವ ಅಡುಗೆ ಭಟ್ಟರದು. ಸಮಾರಂಭಕ್ಕೆ ಮುನ್ನ ಅವರು ಬರೆಸುವ ಸಾಮಾನಿನ ಪಟ್ಟಿಯಲ್ಲಿ ಮನೆಯ ಅಂತಸ್ತು, ನೆಂಟರ ಸಂಖ್ಯೆ, ಎಣ್ಣೆಯಲ್ಲೋ ತುಪ್ಪದಲ್ಲೋ ಎಂಬ ಜಿಪುಣತನ ಅಥವಾ ಧಾರಾಳ ಎಲ್ಲವೂ ದಾಖಲಾಗುತ್ತವೆ. ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದರಿಂದ ಯಜಮಾನಿಕೆ ಯಾರದೆಂದು ಅವರಿಗೆ ತಿಳಿಯುತ್ತದೆ. ಪಂಕ್ತಿಯಲ್ಲಿ ಯಾರು ಯಾರ ಪಕ್ಕ ಕೂರಲು ಒಪ್ಪಲಿಲ್ಲ, ಯಾರ ಎಲೆಯಲ್ಲಿ ಪಾಯಸ ಹಾಗೇ ಉಳಿಯಿತು ಎಂಬುದು ಬಡಿಸುವವರ ಕಣ್ಣಿಗೆ ಬೀಳದೆ ಇರದು. ಡೇವಿಡ್ಸನ್ ಗೋಲ್ಡಿಗಾಗಿ ಕಲ್ಪಿಸಿದ ಅನುಕೂಲಗಳೆಲ್ಲ ಇವರಿಗೆ ವೃತ್ತಿಯಿಂದಲೇ ದೊರೆತಿವೆ.

ನಿಜಜೀವನದ ವಿಷಪ್ರಕರಣಗಳಿಗೆ ಈ ಪ್ರಕಾರದ ನೆಮ್ಮದಿ ಇಲ್ಲವೆಂಬುದನ್ನು ಮರೆಯಬಾರದು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಜನ ತೀರಿಕೊಂಡರು. ಕೈಯೊಡ್ಡಿ ಪಡೆದ ತುತ್ತೇ ಪ್ರಾಣ ತೆಗೆದ ಇಂಥ ದುರಂತವನ್ನು ಮನರಂಜನೆಯ ಸರಕಾಗಿಸುವುದು ಹೀನಕೃತ್ಯ. ಪಾಕಪತ್ತೇದಾರಿಯ ಒಳ್ಳೆಯ ಕೃತಿಗಳು ಸಾವಿನ ವರ್ಣನೆಯಲ್ಲಿ ಕಾಲ ಕಳೆಯದೆ ಅಡುಗೆಯವರ ಮೇಲೆ ಊರು ಇಟ್ಟ ನಂಬಿಕೆ ಮುರಿದು ಮತ್ತೆ ಕೂಡುವ ಕಥೆ ಹೇಳುತ್ತವೆ. ಅನ್ನವಿಕ್ಕುವವರ ಮೇಲೆ ಸಂಶಯ ಬಂದಾಗ ಆ ಸಂಶಯವನ್ನು ಕಳೆಯಲು ಅತ್ಯಂತ ಹೆಚ್ಚು ಕಾರಣವಿರುವವರೂ ಅವರೇ ಆದ್ದರಿಂದ ಅವರ ಪತ್ತೇದಾರಿಕೆಗೆ ನೈತಿಕ ಆಧಾರವೂ ಒದಗುತ್ತದೆ.

ಇಂಥ ಕಾದಂಬರಿಗೆ ಬೇಕಾದ ಮೂಲಸಾಮಗ್ರಿ ಗ್ರಂಥಾಲಯಗಳಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಅಡುಗೆಯವರ ಮಾತಿನಲ್ಲಿ, ಅವರು ಬರೆಸಿದ ಸಾಮಾನು ಪಟ್ಟಿಗಳಲ್ಲಿ ಉಳಿದಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹಿರಿಯ ಅಡುಗೆಯವರು ಇನ್ನೂ ಕೊಪ್ಪರಿಗೆಯ ಮುಂದೆ ನಿಂತಿರುವಾಗಲೇ ಅವರ ವೃತ್ತಿಪದಗಳನ್ನೂ, ಅಳತೆಗಳನ್ನೂ, ಕಂಡು ಕೇಳಿದ ಸಂಗತಿಗಳನ್ನೂ ದಾಖಲಿಸುವ ಕೆಲಸವನ್ನು ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬೇಕು.