ಮೈಸೂರಿನ 1894ರ ಶಿಶುವಿವಾಹ ಕಾನೂನು ಮತ್ತು ಎರಡನೆಯ ಹೆಂಡತಿಯ ಪ್ರಶ್ನೆ

ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯ ಕೊನೆಯ ವರ್ಷವಾದ 1894ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು ಶಿಶುವಿವಾಹವನ್ನು ತಡೆಯುವ ಒಂದು ರೆಗ್ಯುಲೇಷನ್ನನ್ನು, ಅಂದರೆ ಸಂಸ್ಥಾನದ ಮಟ್ಟಿಗೆ ಅನ್ವಯಿಸುವ ಶಾಸನವನ್ನು, ಜಾರಿಗೆ ತಂದಿತು. 8 ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವುದನ್ನೂ, 50 ದಾಟಿದ ಗಂಡಸು 14ರೊಳಗಿನ ಹುಡುಗಿಯ ಕೈಹಿಡಿಯುವುದನ್ನೂ ಅದು ಅಪರಾಧವೆಂದು ಸಾರಿತು. ಇದಕ್ಕೆ ಮೂರು ವರ್ಷ ಮೊದಲು ಬ್ರಿಟಿಷ್ ಸರ್ಕಾರ ತನ್ನ ಆಡಳಿತದ ಪ್ರದೇಶಗಳಲ್ಲಿ ಸಮ್ಮತಿಯ ವಯಸ್ಸನ್ನು, ಎಂದರೆ ದೈಹಿಕ ಸಂಬಂಧಕ್ಕೆ ಹುಡುಗಿಗೆ ಆಗಿರಬೇಕಾದ ಕನಿಷ್ಠ ವಯಸ್ಸನ್ನು, 10ರಿಂದ 12ಕ್ಕೆ ಏರಿಸಿತ್ತಾದರೂ ಮದುವೆಯ ಗೊಡವೆಗೆ ಹೋಗಿರಲಿಲ್ಲ. ಮೈಸೂರು ಧಾರೆಯನ್ನೇ ತಡೆಯಲು ಹೊರಟಿತು.

ಆದರೂ 8 ಎಂಬ ಮಿತಿಯಲ್ಲಿ ಅಳುಕು ಕಾಣುತ್ತದೆ. ಎಂಟರ ಕನ್ಯೆಯನ್ನು ‘ಗೌರಿ’ ಎಂದು ಕರೆದು ಆಕೆಯ ದಾನವನ್ನು ಪ್ರಶಸ್ತವೆಂದ ಸ್ಮೃತಿಗಳೊಂದಿಗೆ ಈ ಮಿತಿಗೆ ಜಗಳವಿರಲಿಲ್ಲ. ನಿಜವಾದ ಎದೆಗಾರಿಕೆ ಇದ್ದುದು ಎರಡನೆಯ ನಿಯಮದಲ್ಲಿ: ಹೆಂಡತಿ ಸತ್ತ ಮುದುಕರು ಬಡವರ ಮನೆಯ ಬಾಲೆಯರನ್ನು ತರುವುದು, ಆ ಬಾಲೆಯರು ಪ್ರಾಯಕ್ಕೆ ಬರುವಷ್ಟರಲ್ಲಿ ವಿಧವೆಯರಾಗುವುದು ಊರೂರಿನಲ್ಲೂ ಕಂಡ ಸಂಗತಿಯಾಗಿತ್ತು. ಹಾಗಿದ್ದೂ ಈ ನಿಯಮ ವರನ ವಯಸ್ಸನ್ನು ಕೇಳಿತೇ ಹೊರತು ಅವನ ಮನೆಯಲ್ಲಿ ಮೊದಲ ಹೆಂಡತಿ ಬದುಕಿದ್ದಾಳೆಯೇ ಎಂದು ಕೇಳಲಿಲ್ಲ. ಬಹುಪತ್ನಿತ್ವಕ್ಕೆ ಅಂದಿನ ಹಿಂದೂ ನ್ಯಾಯದಲ್ಲಿ ಅಡ್ಡಿಯಿರಲಿಲ್ಲ. 1860ರ ದಂಡಸಂಹಿತೆಯ 494ನೆಯ ಕಲಮು ಸಂಗಾತಿ ಬದುಕಿರುವಾಗ ಆಗುವ ಅಸಿಂಧು ಮರುಮದುವೆಯನ್ನು ಮಾತ್ರ ದಂಡಿಸುತ್ತಿದ್ದುದರಿಂದ ಹಿಂದೂ ಹೆಂಗಸು ಅದಕ್ಕೆ ಸಿಕ್ಕಿಬೀಳುತ್ತಿದ್ದಳು, ಗಂಡಸು ಪಾರಾಗುತ್ತಿದ್ದ.

ಸವತಿಯನ್ನು ತರುವುದಕ್ಕೆ ಕನ್ನಡ ನಾಡಿನಲ್ಲಿ ಕಾನೂನಿನ ತಡೆ ಬಂದದ್ದು ತುಂಡುತುಂಡಾಗಿ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳಿಗೆ ಮುಂಬಯಿ ಪ್ರಾಂತದ 1946ರ ಕಾಯ್ದೆ ಅದನ್ನು ತಂದರೆ, ಮಂಗಳೂರು ಮತ್ತು ಬಳ್ಳಾರಿಗಳಿಗೆ ಮದರಾಸಿನ 1949ರ ಕಾಯ್ದೆ ತಂದಿತು. ಎಲ್ಲ ಭಾಗಗಳ ಹಿಂದೂಗಳಿಗೂ ಒಂದೇ ನಿಯಮವಾದದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ. ಈ ಕಾಯ್ದೆ ಎರಡನೆಯ ಮದುವೆಯನ್ನು ಅಸಿಂಧುವೆಂದಿತು, ಆದರೆ ವಧುವಿನ ವಯಸ್ಸನ್ನು 15ಕ್ಕೆ ನಿಲ್ಲಿಸಿ, ಆ ಮಿತಿ ಮೀರಿದ ಮದುವೆಗೆ ಶಿಕ್ಷೆ ವಿಧಿಸಿಯೂ ಮದುವೆಯನ್ನು ಊರ್ಜಿತವಾಗಿಯೇ ಉಳಿಸಿತು. ಬಾಲ್ಯವಿವಾಹವನ್ನು ತಡೆಯಲು ಬಂದಿದ್ದ 1929ರ ಶಾರದಾ ಕಾಯ್ದೆಯ ದೌರ್ಬಲ್ಯವೂ ಇದೇ ಆಗಿತ್ತು. ವಧುವಿನ ವಯಸ್ಸು 1978ರಲ್ಲಿ 18ಕ್ಕೆ ಏರಿತು. ಬಾಲ್ಯದಲ್ಲಿ ಮದುವೆಯಾದವರು ತಾವೇ ನ್ಯಾಯಾಲಯಕ್ಕೆ ಹೋಗಿ ಅದನ್ನು ರದ್ದುಪಡಿಸಿಕೊಳ್ಳುವ ಅವಕಾಶವನ್ನು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಕೊಟ್ಟಿತು. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂಬ ತಿದ್ದುಪಡಿಯನ್ನು ಆ ಕಾಯ್ದೆಗೆ ಕರ್ನಾಟಕ ತಂದ ಮೇಲೆ, 2017ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಉಳಿದ ರಾಜ್ಯಗಳೂ ಅದೇ ದಾರಿ ಹಿಡಿಯುವುದು ಲೇಸೆಂದು ಹೇಳಿತು.